ಕೆ.ಸಿ. ವ್ಯಾಲಿ ನೀರು: ‘ಶುದ್ಧೀಕರಿಸಿದ್ದು’ ಅಂದರೆ ಕುಡಿಯಬಹುದು ಅಂತಲೇ?

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಬೆಂಗಳೂರಿನ ಕೊಳಚೆಯನ್ನು ಹಾಗೇ ತಂದು ಕೆರೆಗೆ ಬಿಟ್ಟಿದ್ದಾರೆ ಎನ್ನುವುದು ಒಂದು. ಶುದ್ಧೀಕರಿಸಿದ ನೀರು ತಾನೇ, ಭಯವೇಕೆ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಯಾಕೆ ಅಂತ ನೋಡೋಣ.

ಏನಿದು ಯೋಜನೆ?

ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ. ಅಲ್ಲಿನ ಕೊಳಚೆ ನೀರನ್ನು ಘಟಕಗಳಲ್ಲಿ ಎರಡು ಹಂತ ಶುದ್ಧೀಕರಿಸಿ, ಪೈಪಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತದೆ. ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಕುಡಿಯಲು ಕೊಡುವುದು ಇದರ ಉದ್ದೇಶವಲ್ಲ. ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು.

ಘಟಕದಲ್ಲಿ ಏನಾಗುತ್ತದೆ?

ಮೊದಲ ಹಂತದಲ್ಲಿ ಜಾಲರಿಗಳು ಪ್ಲಾಸ್ಟಿಕ್, ಬಟ್ಟೆ ಚೂರುಗಳನ್ನು ತಡೆಯುತ್ತವೆ. ಮರಳು, ಕೆಸರು ತೊಟ್ಟಿಯ ತಳಕ್ಕೆ ಕೂರುತ್ತದೆ. ಎರಡನೇ ಹಂತದಲ್ಲಿ ನೀರಿಗೆ ಗಾಳಿ ಊದುತ್ತಾರೆ. ಆಗ ಬ್ಯಾಕ್ಟೀರಿಯಾಗಳು ಬೆಳೆದು, ಕರಗಿರುವ ಕೊಳೆಯನ್ನು ತಿಂದುಹಾಕುತ್ತವೆ. ನಂತರ ಅವೂ ಕೆಸರಾಗಿ ತಳ ಸೇರುತ್ತವೆ. ಮೇಲಿನ ತಿಳಿ ನೀರು ಹೊರಬರುತ್ತದೆ.

ಇದರಿಂದ ಕೆಳಗಿನ ಕೆರೆಗೆ ಏನು ಲಾಭ? ಒಂದು ಲೆಕ್ಕ ನೋಡಿ. ಕೊಳೆ ಕೊಳೆಯಲು ಆಮ್ಲಜನಕ ಬೇಕು. ಆ ಬೇಡಿಕೆಯ ಅಳತೆಗೆ ‘ಬಿಒಡಿ’ ಎನ್ನುತ್ತಾರೆ. ಹಸಿ ಕೊಳಚೆಯಲ್ಲಿ ಇದು ಲೀಟರಿಗೆ ಸುಮಾರು 250 ಮಿಲಿಗ್ರಾಂ ಎಂದುಕೊಳ್ಳಿ. ಅಂದರೆ 10 ಲಕ್ಷ ಲೀಟರ್ ಕೊಳಚೆಗೆ 250 ಕಿಲೋ ಆಮ್ಲಜನಕ ಬೇಕು. ಅಷ್ಟೇ ಪ್ರಮಾಣದ ಒಳ್ಳೆಯ ಕೆರೆ ನೀರಿನಲ್ಲಿ ಇರುವುದು ಸುಮಾರು 8 ಕಿಲೋ! ಹಾಗೇ ಬಿಟ್ಟರೆ ಆಮ್ಲಜನಕ ಮುಗಿದು ಮೀನು ಸಾಯುತ್ತವೆ, ನೀರು ನಾರುತ್ತದೆ. 2017ರ ಕೇಂದ್ರ ಅಧಿಸೂಚನೆ ಮಹಾನಗರಗಳ ಘಟಕಗಳಿಗೆ ಹಾಕಿದ ಮಿತಿ 20 ಮಿಲಿಗ್ರಾಂ. ಅಷ್ಟಕ್ಕೆ ಇಳಿಸಿದರೆ ಬೇಡಿಕೆ 250 ಕಿಲೋದಿಂದ 20 ಕಿಲೋಗೆ ಬರುತ್ತದೆ. ಗಾಳಿಯಿಂದ ಹೊಸ ಆಮ್ಲಜನಕ ಸೇರುತ್ತಾ ಇರುವುದರಿಂದ ಕೆರೆ ಅದನ್ನು ತಾಳಿಕೊಳ್ಳಬಲ್ಲದು.

ಹಾಗಾದರೆ ಉಳಿಯುವುದೇನು?

ರೋಗಾಣುಗಳು ಪೂರ್ತಿ ಹೋಗುವುದಿಲ್ಲ. ಸಾರಜನಕ, ರಂಜಕ ಸ್ವಲ್ಪ ಉಳಿದು ಪಾಚಿಗೆ, ಜೊಂಡಿಗೆ ಗೊಬ್ಬರವಾಗುತ್ತವೆ. ಕಾರ್ಖಾನೆಯ ಲೋಹ, ರಾಸಾಯನಿಕ ಚರಂಡಿಗೆ ಸೇರಿದ್ದರೆ ಅವನ್ನು ತೆಗೆಯಲು ಈ ಘಟಕ ಕಟ್ಟಿದ್ದಲ್ಲ. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದು, ನೀರು ಹರಿಸುವುದು ನಿಂತಿತು. ಸಾಬೂನು ಪುಡಿಯ ಅಂಶ ಉಳಿದರೂ, ಘಟಕದ ಕೆಲಸ ಏರುಪೇರಾದರೂ ನೊರೆ ಬರಬಹುದು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2019ರಲ್ಲಿ ತಡೆಯಾಜ್ಞೆ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಕೋಲಾರದ ಹೋರಾಟಗಾರರು ಕೇಳುತ್ತಿರುವುದು ಹೀಗೆ ಉಳಿಯುವ ಅಂಶಗಳಿಗಾಗಿಯೇ.

ಮಣ್ಣು ಸೋಸುವುದಿಲ್ಲವೇ?

ಸೋಸುತ್ತದೆ, ಆದರೆ ಎಲ್ಲ ಕಡೆ ಒಂದೇ ರೀತಿ ಅಲ್ಲ. ನಮ್ಮದು ಗಟ್ಟಿ ಬಂಡೆಯ ನೆಲ. ಬಂಡೆ ಬಿರುಕು ಸಿಕ್ಕ ಕಡೆ ನೀರು ಸರಿಯಾಗಿ ಸೋಸದೇ ಬೋರ್‌ವೆಲ್ ಸೇರಬಹುದು. ನೈಟ್ರೇಟ್ ಅಂತೂ ನೀರಿನ ಜೊತೆಯೇ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ; ಮೀರಿದರೆ ಎಳೆ ಮಕ್ಕಳಿಗೆ ಅಪಾಯ.

ನಾವು ಏನು ಮಾಡಬೇಕು?

• ಕೆರೆ ನೀರನ್ನು ನೇರವಾಗಿ ಕುಡಿಯಬೇಡಿ, ಅಡುಗೆಗೆ ಬಳಸಬೇಡಿ.
• ಕುದಿಸಿದರೆ ರೋಗಾಣು ಸಾಯುತ್ತವೆ. ನೈಟ್ರೇಟ್, ಫ್ಲೋರೈಡ್, ಲೋಹ ಹೋಗುವುದಿಲ್ಲ.
• ಕೆರೆ ಹತ್ತಿರ ಬೋರ್‌ವೆಲ್ ಇದ್ದರೆ, ನೀರು ತಿಳಿಯಾಗಿದೆ ಎಂದು ಸುಮ್ಮನಿರಬೇಡಿ. ಮಳೆಗಾಲದ ಮೊದಲು ಮತ್ತು ನಂತರ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಬಗ್ಗೆ ಕೇಳಿ. ಸಂಶಯವಿದ್ದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ.

ಕೆಜಿಎಫ್‌ಗೆ ಹಿಂದಿನಿಂದ ನೀರು ಕೊಟ್ಟ ಬೇತಮಂಗಲ ಕೆರೆ ಇರುವುದು ಪಾಲಾರ್ ನದಿಯ ಮೇಲೆ. ಅದೇ ನದಿ ಮುಂದೆ ತಮಿಳುನಾಡಿಗೆ ಹೋಗುತ್ತದೆ. ಹಾಗಾಗಿ ಮೇಲಿನ ಊರಿನ ಘಟಕ ಒಂದು ದಿನ ಕೆಟ್ಟರೂ ಅದರ ಪರಿಣಾಮ ಕೆಳಗಿನವರ ಮೇಲೆ. ಮುಂದಿನ ಸಲ ನೊರೆಯ ವಿಡಿಯೋ ಬಂದರೆ, ಅದು ಯಾವ ಕೆರೆ, ಯಾವ ದಿನದ್ದು ಎಂದು ಮೊದಲು ಕೇಳಿ. ಪಂಚಾಯಿತಿಯಲ್ಲಿ ಆ ಕೆರೆ ನೀರಿನ ಪರೀಕ್ಷಾ ವರದಿಯನ್ನೂ ಕೇಳಿ. ಗ್ರೂಪಿಗೆ ಕಳಿಸುವುದಾದರೆ ಆ ವರದಿಯನ್ನೇ ಕಳಿಸಿ.