ಗ್ರೇಡ್ ನೋಡುವ ಮುಂಚೆ ಆರು ಕಾಲಂ ನೋಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಲವತ್ತು ದಾಟಿದ ಅಪ್ಪ ಅಮ್ಮಂದಿರಿಗೆ ಏಪ್ರಿಲ್ 10 ಅಂದರೆ ಪಾಸು-ಫೇಲಿನ ದಿನ. ಶಾಲೆಯಲ್ಲಿ ಹೆಸರು ಓದಿದರೆ ಮುಂದಿನ ಕ್ಲಾಸು, ಓದದಿದ್ದರೆ ಅದೇ ಬೆಂಚು. ಏಳನೇ ತರಗತಿಗೆ ಬಂದರೆ ಪಬ್ಲಿಕ್ ಪರೀಕ್ಷೆಯ ಭಯ ಬೇರೆ. ಹಾಗೆ ಬೆಳೆದವರೇ ಈಗ ಐದನೆಯ, ಆರನೆಯ, ಏಳನೆಯ ತರಗತಿ ಮಕ್ಕಳ ಪೋಷಕರು. ಆದರೆ ಇವತ್ತು ಅವರು ಸಹಿ ಹಾಕುವ ಪ್ರಗತಿ ಪತ್ರಕ್ಕೂ ಅವರ ಕಾಲದ ಮಾರ್ಕ್ಸ್ ಕಾರ್ಡಿಗೂ ಹೆಸರಿಗಷ್ಟೇ ಸಂಬಂಧ. ಅದು ಗೊತ್ತಿಲ್ಲದೆ ಹಳೆಯ ಲೆಕ್ಕದಲ್ಲೇ ಹೊಸ ಕಾಗದ ಓದಿ, ಸಂತೋಷಪಡಬೇಕಾದಲ್ಲಿ ಬೈದು, ವಿಚಾರಿಸಬೇಕಾದಲ್ಲಿ ಸುಮ್ಮನಿದ್ದುಬಿಡುವವರೇ ಹೆಚ್ಚು. ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಹಿಡಿದು ನೋಡೋಣ.

"ಈಗ ಫೇಲ್ ಅನ್ನೋದೇ ಇಲ್ಲವಲ್ಲ, ಓದಿದರೆಷ್ಟು ಬಿಟ್ಟರೆಷ್ಟು?"

ಅರ್ಧ ಸತ್ಯ ಇದು. ಪೂರ್ತಿ ಸುಳ್ಳಾಗಿದ್ದರೆ ತಿದ್ದುವುದು ಸುಲಭವಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸುವಂತಿಲ್ಲ, ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಎಂದಿತು. 2019ರಲ್ಲಿ ಆ ಕಲಮಿಗೆ ತಿದ್ದುಪಡಿ ಬಂತು. ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೆಯಲ್ಲಿ ಪರೀಕ್ಷೆ ಇರಬೇಕು, ತೇರ್ಗಡೆಯಾಗದ ಮಗುವಿಗೆ ಹೆಚ್ಚುವರಿ ಪಾಠ ಮಾಡಿ ಎರಡು ತಿಂಗಳೊಳಗೆ ಮತ್ತೊಮ್ಮೆ ಪರೀಕ್ಷೆ ಕೊಡಬೇಕು. ಆಮೇಲೂ ಆಗದಿದ್ದರೆ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಆಯಾ ಸರ್ಕಾರ ತೀರ್ಮಾನಿಸಬಹುದು. ಹೊರಗೆ ಹಾಕುವುದು ಮಾತ್ರ ಆಗಲೂ ಇಲ್ಲ, ಈಗಲೂ ಇಲ್ಲ.

ಕರ್ನಾಟಕದಲ್ಲಿ ಇದರ ಸುತ್ತ ನಡೆದದ್ದು ದೊಡ್ಡ ರಗಳೆ. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಮೌಲ್ಯಾಂಕನ ಎಂದಾಗ ವಿಷಯ ಹೈಕೋರ್ಟಿಗೆ ಹೋಯಿತು. ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ನಡೆಸಲು ಬಿಟ್ಟಿತು, ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ ಹೇಳಿತು. ಮರುವರ್ಷ ಒಂಬತ್ತನ್ನೂ ಸೇರಿಸಿಕೊಂಡು ಅದೇ ಆಟ. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಹಿಡಿಯಿತು. ಪರೀಕ್ಷೆ ಇದೆಯೋ ಇಲ್ಲವೋ ಎಂದು ಹಿಂದಿನ ರಾತ್ರಿಯವರೆಗೂ ತಿಳಿಯದೆ ಕೂತ ಹತ್ತು ವರ್ಷದ ಮಗುವಿನ ಬಗ್ಗೆ ಆಗ ಯಾರೂ ಹೆಚ್ಚು ಮಾತಾಡಲಿಲ್ಲ.

ಇನ್ನೊಂದು ತಿರುವು ನರಸಿಂಹರಾಜಪುರ ತಾಲ್ಲೂಕಿನವರ ಮನೆ ಬಾಗಿಲಲ್ಲೇ ಇದೆ. ಬಾಳೆಹೊನ್ನೂರಿನ ಸೀಗೋಡಿನಲ್ಲಿರುವ ಜವಾಹರ ನವೋದಯ ವಿದ್ಯಾಲಯ ಕೇಂದ್ರ ಸರ್ಕಾರದ್ದು. 2024ರ ಡಿಸೆಂಬರ್ 16ರ ಕೇಂದ್ರದ ನಿಯಮದ ಪ್ರಕಾರ ಅಂಥ ಶಾಲೆಗಳಲ್ಲಿ ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದ ಮಗುವನ್ನು ಐದು ಅಥವಾ ಎಂಟರಲ್ಲಿ ಉಳಿಸಿಕೊಳ್ಳಬಹುದು. ನವೋದಯ ಶುರುವಾಗುವುದೇ ಆರರಿಂದ, ಹಾಗಾಗಿ ಅಲ್ಲಿ ಎಂಟನೆಯದಷ್ಟೇ ಲೆಕ್ಕ. ಒಂದೇ ತಾಲ್ಲೂಕು, ಎರಡು ಶಾಲೆ, ಎರಡು ನಿಯಮ. "ಫೇಲ್ ಇಲ್ಲ" ಎನ್ನುವ ಮುಂಚೆ ಯಾವ ಶಾಲೆ, ಯಾವ ತರಗತಿ ಎಂದು ಕೇಳಬೇಕು.

ಫೇಲ್ ಇಲ್ಲದಿರುವುದಕ್ಕೂ ಕಲಿಕೆ ಬೇಕಿಲ್ಲ ಎನ್ನುವುದಕ್ಕೂ ಸಂಬಂಧವಿಲ್ಲ. ಆರನೇ ತರಗತಿಯಲ್ಲಿ ಭಿನ್ನರಾಶಿ ಬಿಟ್ಟುಹೋದ ಮಗುವನ್ನು ಕಾನೂನು ಏಳಕ್ಕೆ ಕಳಿಸುತ್ತದೆ, ಬಿಟ್ಟುಹೋದ ಭಿನ್ನರಾಶಿಯೂ ಜೊತೆಗೇ ಹೋಗುತ್ತದೆ. ಹತ್ತನೆಯಲ್ಲಿ ಎಸ್‌ಎಸ್‌ಎಲ್‌ಸಿ ಕಾದಿರುತ್ತದೆ.

"ಮಾರ್ಚ್ ಪರೀಕ್ಷೆ ಒಂದು ಚೆನ್ನಾಗಿ ಬರೆದರೆ ಆಯ್ತು"

ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದೇ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಮಕ್ಕಳ ಬಾಯಲ್ಲಿ ಎಫ್‌ಎ, ಎಸ್‌ಎ. ಪ್ರಾಥಮಿಕದಲ್ಲಿ ನಡೆದು ಬಂದ ಹಂಚಿಕೆಯಂತೆ ಎಫ್‌ಎಗೆ ತಲಾ 15, ಎಸ್‌ಎಗೆ ತಲಾ 20. ಅಂದರೆ ನೂರರಲ್ಲಿ 60 ಬರುವುದು ತರಗತಿಯ ಚಟುವಟಿಕೆ, ಮೌಖಿಕ, ಪ್ರಾಜೆಕ್ಟು, ಕಿರುಪರೀಕ್ಷೆಗಳಿಂದ. ಮಾರ್ಚಿನ ದೊಡ್ಡ ಪರೀಕ್ಷೆಯ ತೂಕ ಐದನೇ ಒಂದು ಪಾಲು.

ಈ ಆರನ್ನು ನಮ್ಮ ಮಲೆನಾಡಿನ ಪಂಚಾಂಗದ ಮೇಲಿಟ್ಟು ನೋಡಿದರೆ ತೊಡಕು ಎಲ್ಲಿದೆ ಅಂತ ಕಾಣುತ್ತದೆ. ಮೊದಲ ಎಫ್‌ಎ ಬರುವ ಜುಲೈಯಲ್ಲಿ ಶೃಂಗೇರಿ, ಕಿಗ್ಗ, ಜಯಪುರದ ಕಡೆ ಮಳೆ ಬಿಡುವು ಕೊಡುವುದಿಲ್ಲ. ಹಳ್ಳ ತುಂಬಿದರೆ ಕಾಲುಸಂಕ ದಾಟಿ ಬರುವ ಮಕ್ಕಳು ಮನೆಯಲ್ಲೇ. ಮೂರನೆಯದು ನಡೆಯುವ ಹೊತ್ತಿಗೆ ಅಡಿಕೆ ಕೊಯ್ಲು, ಸಂಜೆ ಮನೆಯಂಗಳದಲ್ಲಿ ಸುಲಿಯುವವರ ಸಾಲು. ನಾಲ್ಕನೆಯದಕ್ಕೆ ಕಾಫಿ ಹಣ್ಣು ಬಿಡಿಸುವ ಕೆಲಸ ಇನ್ನೂ ಮುಗಿದಿರುವುದಿಲ್ಲ. "ಈಗ ಕೊಯ್ಲು ಮುಗೀಲಿ ಮಾರಾಯ್ತಿ, ಮಾರ್ಚಲ್ಲಿ ಕೂತು ಓದಿದರಾಯ್ತು" ಅಂತ ಅಮ್ಮ ಹೇಳುವ ಹೊತ್ತಿಗೆ ನೂರರಲ್ಲಿ 80 ಅಂಕದ ತೀರ್ಮಾನ ಆಗಿಹೋಗಿರುತ್ತದೆ.

ಮಳೆ ರಜೆಯ ಬಗ್ಗೆಯೂ ಒಂದು ಮಾತು. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಆ ದಿನ ಮಾಫಿ ಎಂದುಕೊಂಡವರು ಬಹಳ. ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನ ಎಂದು ಬರೆದಿದೆ. ಆ ಕೊರತೆ ತುಂಬಲಿಕ್ಕೇ ಶನಿವಾರ ಮಧ್ಯಾಹ್ನ, ಕೆಲವು ಸಲ ಭಾನುವಾರ ತರಗತಿ. "ಭಾನುವಾರ ಎಂಥ ಶಾಲೆ" ಅಂತ ಮಗುವನ್ನು ನೆಂಟರ ಮನೆಗೆ ಕರೆದುಕೊಂಡು ಹೋದರೆ ತಪ್ಪುವುದು ಜುಲೈಯಲ್ಲಿ ಆಗಬೇಕಿದ್ದ ಪಾಠ.

ಈಗ ಒಂದು ಲೆಕ್ಕ. ಬಾಳೆಹೊನ್ನೂರಿನ ಒಂದು ಮಗು, ಕಿಗ್ಗದ ಒಂದು ಮಗು ಅಂತ ಇಟ್ಟುಕೊಳ್ಳಿ. ಇಬ್ಬರದೂ ಆರನೇ ತರಗತಿಯ ಗಣಿತ. ಮೊದಲನೆಯದಕ್ಕೆ ನಾಲ್ಕು ಎಫ್‌ಎಗಳಲ್ಲಿ 12, 13, 11, 12. ಎರಡು ಎಸ್‌ಎಗಳಲ್ಲಿ 9 ಮತ್ತು 10. ಒಟ್ಟು 67. ಎರಡನೆಯದಕ್ಕೆ ಎಫ್‌ಎಗಳಲ್ಲಿ 7, 7, 8, 8. ಎಸ್‌ಎಗಳಲ್ಲಿ 18 ಮತ್ತು 19. ಒಟ್ಟು ಅದೂ 67. ಇಬ್ಬರಿಗೂ ಬಿ ಪ್ಲಸ್. ಇಬ್ಬರ ಅಪ್ಪಂದಿರೂ ಒಂದೇ ಮಾತು ಹೇಳಿ ಸಹಿ ಹಾಕುತ್ತಾರೆ: "ಪರವಾಗಿಲ್ಲ, ಇನ್ನೂ ಸ್ವಲ್ಪ ಓದು."

ಆದರೆ ಈ ಮಕ್ಕಳ ಕತೆ ಒಂದೇ ಅಲ್ಲ. ಮೊದಲನೆಯದು ತರಗತಿಯಲ್ಲಿ ಚುರುಕು, ಪರೀಕ್ಷೆಗೆ ಕೂತು ಬರೆಯುವಾಗ ಮುಗ್ಗರಿಸುತ್ತದೆ. ಅಥವಾ ಅದರ ಚಟುವಟಿಕೆಯನ್ನೆಲ್ಲ ಮನೆಯಲ್ಲಿ ಬೇರೆ ಯಾರೋ ಮಾಡಿಕೊಡುತ್ತಿದ್ದಾರೆ. ಎರಡನೆಯದಕ್ಕೆ ಗಣಿತ ಚೆನ್ನಾಗಿ ಬರುತ್ತದೆ. ಶಾಲೆಗೆ ಸರಿಯಾಗಿ ಬರುತ್ತಿಲ್ಲವೋ, ಹಿಂದಿನ ಬೆಂಚಿನಲ್ಲಿ ಬಾಯೇ ಬಿಡುವುದಿಲ್ಲವೋ, ಕಣ್ಣಿಗೆ ಬೋರ್ಡು ಕಾಣುವುದಿಲ್ಲವೋ, ಏನೋ ಒಂದು ಇದೆ. ಒಬ್ಬರಿಗೆ ಬೇಕಾದದ್ದು ಬರೆಯುವ ಅಭ್ಯಾಸ, ಇನ್ನೊಬ್ಬರಿಗೆ ಬೇಕಾದದ್ದು ಪ್ರಾಯಶಃ ಕನ್ನಡಕ. ಗ್ರೇಡಿನ ಕಾಲಂ ನೋಡಿದರೆ ಇದಾವುದೂ ಗೊತ್ತಾಗುವುದಿಲ್ಲ. ಪಕ್ಕದ ಆರು ಕಾಲಂಗಳನ್ನು ಎಡದಿಂದ ಬಲಕ್ಕೆ ಒಮ್ಮೆ ಓದಿದರೆ ಗೊತ್ತಾಗುತ್ತದೆ.

"ಹೋದ ಸಲವೂ ಎ, ಈ ಸಲವೂ ಎ"

ರಾಜ್ಯದ ಅಳತೆಯಲ್ಲಿ 90ರಿಂದ 100 ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ನಡುವಿನ ಒಂದೊಂದು ಮೆಟ್ಟಿಲೂ ಇಪ್ಪತ್ತು ಅಂಕದಷ್ಟು ಅಗಲ. 88ರಿಂದ 71ಕ್ಕೆ ಜಾರಿದ ಮಗುವಿನ ಕಾರ್ಡಿನಲ್ಲಿ ಎ ಹಾಗೇ ಇರುತ್ತದೆ, ಯಾರೂ ಗಮನಿಸುವುದಿಲ್ಲ. 90ರಿಂದ 89ಕ್ಕೆ ಬಂದದ್ದಕ್ಕೆ ಮನೆಯಲ್ಲಿ ರಾದ್ಧಾಂತ. ಒಂದು ಅಂಕಕ್ಕೆ ಬೈಗುಳ, ಹದಿನೇಳು ಅಂಕಕ್ಕೆ ಶಾಭಾಷ್!

ಮದುವೆ ಮನೆಗಳಲ್ಲಿ ನಡೆಯುವ ಹೋಲಿಕೆ ಇನ್ನೂ ತಮಾಷೆ. ಬೆಂಗಳೂರಿನಿಂದ ಬಂದ ಚಿಕ್ಕಪ್ಪನ ಮಗನದ್ದು ಸಿಬಿಎಸ್‌ಇ. ಅಲ್ಲಿ ಬಳಕೆಯಲ್ಲಿರುವ ಎಂಟು ಹಂತದ ಅಳತೆಯಲ್ಲಿ 91ರ ಮೇಲೆ ಎ1, 81ರ ಮೇಲೆ ಎ2, 71ರಿಂದ 80 ಬಿ1. ಹಾಗಾದರೆ 75 ಅಂಕ ಇಲ್ಲಿ ಎ, ಅಲ್ಲಿ ಬಿ1. "ಅವನಿಗೆ ಬರೀ ಬಿ ಅಂತೆ" ಅಂತ ಊರಿನಜ್ಜಿ ಬೀಗಿದರೂ ತಪ್ಪು, "ಸ್ಟೇಟ್ ಸಿಲಬಸ್ಸಿನ ಎಗೆ ಎಂಥ ಬೆಲೆ" ಅಂತ ಚಿಕ್ಕಮ್ಮ ಮೂಗು ಮುರಿದರೂ ತಪ್ಪು. ಅಳೆದ ಸೇರೇ ಬೇರೆ ಬೇರೆ.

"ಪ್ರಾಜೆಕ್ಟು ಚಂದ ಇದ್ದರೆ ಅಂಕ ಜಾಸ್ತಿ"

ಈ ನಂಬಿಕೆಯಿಂದ ಪೇಟೆಯ ಸ್ಟೇಷನರಿ ಅಂಗಡಿಗಳು ಬದುಕಿವೆ. ಥರ್ಮಾಕೋಲ್, ಮಿಂಚಿನ ಕಾಗದ, ಪ್ರಿಂಟ್ ತೆಗೆದ ಬಣ್ಣದ ಚಿತ್ರ. ರಾತ್ರಿ ಹತ್ತರವರೆಗೆ ಅಪ್ಪ ಅಂಟಿಸಿದ ಜ್ವಾಲಾಮುಖಿ ಬೆಳಿಗ್ಗೆ ಸ್ಕೂಲ್ ವ್ಯಾನಿನಲ್ಲಿ ಅರ್ಧ ಮುರಿದಿರುತ್ತದೆ. ರೂಪಣಾತ್ಮಕ ಚಟುವಟಿಕೆ ಇರುವುದು ಮಗು ಏನು ಗಮನಿಸಿತು, ಹೇಗೆ ಯೋಚಿಸಿತು, ತನ್ನ ಮಾತಿನಲ್ಲಿ ಹೇಳಬಲ್ಲದೇ ಎಂದು ಶಿಕ್ಷಕರು ನೋಡಲಿಕ್ಕೆ. ತೋಟದಿಂದ ತಂದ ಐದು ಬಗೆಯ ಎಲೆ, ಅವುಗಳ ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ ಮಗುವೇ ಬರೆದ ನಾಲ್ಕು ಸಾಲು ಸಾಕು. ಅಪ್ಪನ ಅಡಿಕೆ ಲೆಕ್ಕದ ಪುಸ್ತಕದಿಂದ ಸುಲಿದವರ ಕೂಲಿ ಎಷ್ಟಾಯಿತು ಎಂದು ಗುಣಿಸಿ ತಂದರೆ ಅದಕ್ಕಿಂತ ಒಳ್ಳೆಯ ಗಣಿತದ ಪ್ರಾಜೆಕ್ಟಿಲ್ಲ. ಶಿಕ್ಷಕರಲ್ಲೂ ಕೆಲವರು ಚಂದಕ್ಕೇ ಅಂಕ ಕೊಡುತ್ತಾರೆ, ಇಲ್ಲವೆನ್ನಲಾಗದು. ಅಲ್ಲಿ ಪೋಷಕರು ಸಭೆಯಲ್ಲಿ ಬಾಯಿ ಬಿಟ್ಟು ಕೇಳಬೇಕು.

"ನಾಲ್ಕು ಬಿಗಿಯಿರಿ ಮೇಷ್ಟ್ರೇ, ನಾವೇನೂ ಕೇಳೋದಿಲ್ಲ"

ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಪೋಷಕರು ಒಪ್ಪಿಗೆ ಕೊಟ್ಟರೂ ಮೇಷ್ಟ್ರಿಗೆ ಹೊಡೆಯುವ ಅಧಿಕಾರ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರೆದುರು ಅಂಕ ಓದಿ ಹೀಯಾಳಿಸುವುದೂ ಮಾನಸಿಕ ಹಿಂಸೆಯೇ.

ಹೋಂವರ್ಕು ಹೆಚ್ಚಿದ್ದಷ್ಟು ಶಾಲೆ ಒಳ್ಳೆಯದು ಎಂಬುದೂ ಇದೇ ಜಾತಿಯ ನಂಬಿಕೆ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುವುದು ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಆರರಿಂದ ಎಂಟಕ್ಕೆ ದಿನಕ್ಕೆ ಒಂದು ಗಂಟೆ. ಬ್ಯಾಗಿನ ತೂಕದ ಬಗ್ಗೆ ರಾಜ್ಯದ 2019ರ ಆದೇಶ ಇದೆ: ಆರರಿಂದ ಎಂಟಕ್ಕೆ 3ರಿಂದ 4 ಕಿಲೋ. ಬಸ್ಸಿಳಿದು ಒದ್ದೆ ದಾರಿಯಲ್ಲಿ ಗುಡ್ಡ ಹತ್ತುವ ಮಕ್ಕಳ ಚೀಲವನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಬಹುದು.

"ಟಿಸಿ ಇಲ್ಲದೆ ಸೇರಿಸಿಕೊಳ್ಳಲ್ಲ"

ಕಾಫಿ ಎಸ್ಟೇಟಿನ ಲೈನ್ ಮನೆಗಳಿಗೆ ವರ್ಷದ ನಡುವೆ ಬರುವ, ನಡುವೆಯೇ ಹೋಗುವ ಕುಟುಂಬಗಳು ಈ ಮಾತಿಗೆ ಹೆದರಿ ಮಗುವನ್ನು ತಿಂಗಳುಗಟ್ಟಲೆ ಮನೆಯಲ್ಲಿರಿಸಿಕೊಳ್ಳುವುದುಂಟು. ಕಾಯ್ದೆಯ 5ನೇ ಕಲಂ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗುವಿಗೆ ಸ್ಯಾಟ್ಸ್ (ವಿದ್ಯಾರ್ಥಿಗಳ ದಾಖಲೆ ಇಡುವ ರಾಜ್ಯದ ವ್ಯವಸ್ಥೆ) ಸಂಖ್ಯೆ ಇದ್ದರೆ ದಾಖಲೆ ಹುಡುಕುವ ಕೆಲಸ ಶಾಲೆಯದು.

"ಎಲ್ಲದರಲ್ಲೂ ಎ ಪ್ಲಸ್, ನವೋದಯ ಸಿಕ್ಕೇ ಸಿಗುತ್ತದೆ"

ಐದನೇ ತರಗತಿಯ ಪೋಷಕರಲ್ಲಿ ಈ ಆಸೆ ದೊಡ್ಡದು. ನವೋದಯದ ಆಯ್ಕೆ ಪರೀಕ್ಷೆಗೆ ತರಗತಿಯ ಗ್ರೇಡ್ ಸೇರುವುದೇ ಇಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, 40 ಪ್ರಶ್ನೆಗೆ 50 ಅಂಕ, ಬೌದ್ಧಿಕ ಸಾಮರ್ಥ್ಯಕ್ಕೆ. ಉಳಿದದ್ದು ಅಂಕಗಣಿತ ಮತ್ತು ಭಾಷೆ, ತಲಾ 25. ಕನ್ನಡದಲ್ಲೇ ಬರೆಯಬಹುದು. ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ. ಇಡೀ ಜಿಲ್ಲೆಯ ಮಕ್ಕಳು ಹೆಚ್ಚೆಂದರೆ 80 ಸೀಟಿಗೆ ಬರೆಯುವ ಪರೀಕ್ಷೆ ಇದು, ಒಂದು ಮಗುವಿಗೆ ಅವಕಾಶ ಒಂದೇ ಸಲ. ಆಕೃತಿ ಜೋಡಿಸುವ, ಬೇರೆಯದನ್ನು ಗುರುತಿಸುವ ಆ ಪ್ರಶ್ನೆಗಳು ಸಮಾಜ ವಿಜ್ಞಾನದ ಎ ಪ್ಲಸ್‌ನಿಂದ ಬರುವಂಥವಲ್ಲ. ಸಿಗಲಿಲ್ಲವೆಂದು "ಮೇಷ್ಟ್ರು ಸುಳ್ಳು ಗ್ರೇಡ್ ಕೊಟ್ಟಿದ್ದರು" ಎಂದು ಜಗಳಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಎರಡೂ ಅಳೆಯುತ್ತಿದ್ದದ್ದು ಬೇರೆ ಬೇರೆ.

ಇನ್ನು, ಉತ್ತರಪತ್ರಿಕೆ ಕೇಳಿದರೆ ಶಿಕ್ಷಕರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ. ಸರ್ಕಾರಿ ಶಾಲೆಗಳಲ್ಲಿ "ಸಮುದಾಯದತ್ತ ಶಾಲೆ" ಎಂಬ ಕಾರ್ಯಕ್ರಮ ಇರುವುದೇ ಮಕ್ಕಳ ಕಲಿಕೆಯನ್ನು ಪೋಷಕರ ಮುಂದಿಡಲಿಕ್ಕೆ. ಅವತ್ತು ಪತ್ರಿಕೆ ಕೈಗೆ ತೆಗೆದುಕೊಂಡು ಎಷ್ಟು ಬಂತು ಎನ್ನುವುದನ್ನು ಬಿಟ್ಟು, ಯಾವ ಪ್ರಶ್ನೆಯನ್ನು ಮಗು ಬರೆಯದೇ ಬಿಟ್ಟಿದೆ ಎಂದು ನೋಡಿ. ತಪ್ಪು ಬರೆದ ಪ್ರಶ್ನೆ ಒಂದು ಬಗೆ, ಖಾಲಿ ಬಿಟ್ಟ ಪ್ರಶ್ನೆ ಇನ್ನೊಂದು ಬಗೆ. ಎಲ್ಲ ವಿಷಯದಲ್ಲೂ ಕೊನೆಯ ಪುಟ ಖಾಲಿ ಇದ್ದರೆ ಮಗುವಿಗೆ ಸಮಯ ಸಾಲುತ್ತಿಲ್ಲ. ಗಣಿತದಲ್ಲಿ ವಾಕ್ಯರೂಪದ ಲೆಕ್ಕಗಳಷ್ಟೇ ಖಾಲಿ ಇದ್ದರೆ ತೊಂದರೆ ಗಣಿತದ್ದಲ್ಲ, ಓದಿದ್ದು ಅರ್ಥವಾಗುತ್ತಿಲ್ಲ. ಅದನ್ನು ಗಣಿತದ ಮೇಷ್ಟ್ರಿಗೂ ತೋರಿಸಿ, ಕನ್ನಡದ ಟೀಚರಿಗೂ ತೋರಿಸಿ.