ಫಿಲ್ಟರ್ ಮೇಲಿನ ಸಣ್ಣ ತೂತು: 'ಲೈಟ್ಸ್' ಸಿಗರೇಟು ಯಾಮಾರಿಸುವುದು ಹೇಗೆ?

ಹುಮನಾಬಾದ್ ಬಸ್ ನಿಲ್ದಾಣದ ಹತ್ತಿರವಾಗಲಿ, ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾದಲ್ಲಾಗಲಿ, ಒಂದು ಪಾನ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕ್ಲಾಸ್ ಮುಗಿಸಿ ಬಂದ ಹುಡುಗ, ಸೋಲಾಪುರದಿಂದ ಹೈದರಾಬಾದ್ ಕಡೆ ಹೊರಟ ಲಾರಿ ಡ್ರೈವರ್, ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿದ ಕಾರ್ಮಿಕ. ಕೇಳುವ ರೀತಿ ಮಾತ್ರ ಒಂದೇ: "ಕಾಕಾ, ಒಂದ್ ಲೈಟ್ಸ್ ಕೊಡ್ರಿ." ಇಡೀ ಪ್ಯಾಕ್ ಕೊಳ್ಳುವವರು ಕಡಿಮೆ. ಒಂದು ಸಿಗರೇಟು, ಒಂದು ಚಹಾ, ಆಮೇಲೆ ಬಸ್ಸು.

ಲೈಟ್ಸೇ ಯಾಕೆ ಅಂತ ಕೇಳಿದರೆ ಉತ್ತರ ರೆಡಿ ಇರುತ್ತದೆ. "ಗಂಟಲಿಗೆ ಹತ್ತಂಗಿಲ್ರೀ." ಇಲ್ಲವೇ, "ಬೀಡಿ ಬಿಟ್ಟೀನ್ರೀ, ಈಗ ಫಿಲ್ಟರ್ ಅಷ್ಟ."

ಗಂಟಲಿಗೆ ಹತ್ತುವುದಿಲ್ಲ ಅನ್ನುವುದು ನಿಜ. ಆದರೆ ಅದರ ಹಿಂದೆ ಇರುವ ನಂಬಿಕೆ, ಅಂದರೆ ಗಂಟಲಿಗೆ ಹಗುರವಾದದ್ದು ಎದೆಗೂ ಹಗುರ ಅನ್ನುವುದು, ನಿಜವಲ್ಲ. ಆ ನಂಬಿಕೆ ತಾನಾಗಿ ಹುಟ್ಟಿದ್ದೂ ಅಲ್ಲ. ಅದನ್ನು ಕಾರ್ಖಾನೆಯಲ್ಲಿ, ಸಿಗರೇಟಿನ ಒಳಗೇ ಡಿಸೈನ್ ಮಾಡಿ ಇಡಲಾಗಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ರೂಪದಲ್ಲಿ.

ತೂತಿನ ಕೆಲಸ ಏನು?

ಫಿಲ್ಟರ್ ಅಂದರೆ ಹತ್ತಿ ಅಂದುಕೊಂಡವರು ಬಹಳ. ಅದು ಹತ್ತಿ ಅಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಸಾವಿರಾರು ಎಳೆಗಳ ಒತ್ತಿದ ಕಟ್ಟು. ಅದಕ್ಕೆ ಸುತ್ತಿರುವ ಕಂದು ಅಥವಾ ಬಿಳಿ ಕಾಗದವನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಅನೇಕ ಬ್ರ್ಯಾಂಡ್‌ಗಳಲ್ಲಿ ಸೂಜಿಯಿಂದ ಚುಚ್ಚಿದಂತಹ ಚುಕ್ಕೆಗಳ ಒಂದೋ ಎರಡೋ ಸಾಲು ಉಂಗುರದಂತೆ ಕಾಣುತ್ತದೆ. ಹೆಚ್ಚಾಗಿ ಲೇಸರ್‌ನಿಂದ ಕೊರೆದ ಈ ತೂತುಗಳು ಬಾಯಿಗೆ ಇಡುವ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಆಚೆ ಇರುತ್ತವೆ.

ದಮ್ಮು ಎಳೆದಾಗ ಎರಡು ಕಡೆಯಿಂದ ಗಾಳಿ ಬರುತ್ತದೆ. ಒಂದು, ಉರಿಯುವ ತಂಬಾಕಿನ ಮೂಲಕ ಹೊಗೆಯಾಗಿ. ಇನ್ನೊಂದು, ಈ ತೂತುಗಳ ಮೂಲಕ ಬರಿಗಾಳಿಯಾಗಿ. ಎರಡೂ ಬೆರೆತು ಹೊಗೆ ತೆಳುವಾಗುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. ತೂತು ಜಾಸ್ತಿಯಾದಷ್ಟೂ ಹೊಗೆ ತೆಳು, ರುಚಿ ಹಗುರ. 'ಫುಲ್ ಫ್ಲೇವರ್' ಅನ್ನುವ ಸಿಗರೇಟುಗಳಲ್ಲಿ ಬರಿಗಾಳಿಯ ಪಾಲು ಶೇ. 10ರ ಆಸುಪಾಸು ಇದ್ದರೆ, 'ಅಲ್ಟ್ರಾ ಲೈಟ್' ಅನ್ನುವವುಗಳಲ್ಲಿ ಶೇ. 80ರವರೆಗೂ ಹೋಗಬಹುದು.

ಹಾಗಾದ್ರೆ ಒಳ್ಳೆಯದೇ ಅಲ್ವಾ? ಕಡಿಮೆ ಹೊಗೆ, ಕಡಿಮೆ ವಿಷ? ಸೇದುವುದು ಮಷಿನ್ ಆಗಿದ್ದರೆ, ಹೌದು.

ಮಷಿನ್ ಸೇದಿದ್ದೇ ಬೇರೆ, ಮನುಷ್ಯ ಸೇದುವುದೇ ಬೇರೆ

ಒಂದು ಸಿಗರೇಟಿನಲ್ಲಿ ಎಷ್ಟು ಟಾರ್, ಎಷ್ಟು ನಿಕೋಟಿನ್ ಎಂದು ಅಳೆಯಲು ಸಿಗರೇಟು ಸೇದುವ ಮಷಿನ್‌ಗಳಿವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1967ರಲ್ಲಿ ಇಂಥ ಪರೀಕ್ಷೆ ಶುರು ಮಾಡಿತು. ನಂತರ ಬಂದ ಐಎಸ್‌ಒ ಮಾನದಂಡದ ಹೊಗೆ ಎಳೆಯುವ ಲೆಕ್ಕವೂ ಅದೇ: ಒಂದು ದಮ್ಮಿಗೆ 35 ಮಿಲಿಲೀಟರ್, ಎರಡು ಸೆಕೆಂಡು, ನಿಮಿಷಕ್ಕೊಂದು ದಮ್ಮು. ಮಷಿನ್ ಹಿಡಿಯುವುದು ಸಿಗರೇಟಿನ ತುದಿಯ 9 ಮಿಲಿಮೀಟರ್ ಮಾತ್ರ. ತೂತುಗಳು ಅದರಾಚೆ ತೆರೆದೇ ಇರುತ್ತವೆ.

ಲೆಕ್ಕ ಸುಲಭ. ಶೇ. 30 ಗಾಳಿಯ ಸಿಗರೇಟಿನಲ್ಲಿ ಮಷಿನ್ ಎಳೆಯುವ 35 ಮಿಲಿಲೀಟರ್‌ನಲ್ಲಿ 10.5 ಬರಿಗಾಳಿ. ಶೇ. 80ರದ್ದಾದರೆ 28 ಮಿಲಿಲೀಟರ್ ಗಾಳಿ, ಏಳೇ ಮಿಲಿಲೀಟರ್ ಹೊಗೆ. ತಂಬಾಕು ಬದಲಾಗಿಲ್ಲ, ವಿಷ ಬದಲಾಗಿಲ್ಲ. ತೂತು ಹೆಚ್ಚಿಸಿದರೆ ಸಾಕು, ಅಂಕಿ ಇಳಿಯುತ್ತದೆ.

ಮನುಷ್ಯ ಹೀಗೆ ಸೇದುತ್ತಾನಾ? ಬಸ್ ಬರುವಷ್ಟರಲ್ಲಿ ಮುಗಿಸಬೇಕಾದವನು ನಿಮಿಷಕ್ಕೊಂದು ದಮ್ಮು ಎಳೆಯುವುದಿಲ್ಲ. ಅವನ ಮೆದುಳಿಗೆ ಬೇಕಾದದ್ದು ನಿಕೋಟಿನ್. ಹೊಗೆ ತೆಳುವಾದರೆ ಅವನು ಗೊತ್ತಿಲ್ಲದೇ ಜೋರಾಗಿ ಎಳೆಯುತ್ತಾನೆ, ಆಳಕ್ಕೆ ಎಳೆಯುತ್ತಾನೆ, ಬೇಗ ಬೇಗ ಎಳೆಯುತ್ತಾನೆ, ಇಲ್ಲಾ ಇನ್ನೊಂದು ಹಚ್ಚುತ್ತಾನೆ. ಅಷ್ಟೇ ಅಲ್ಲ, ತುಟಿಯೋ ಬೆರಳೋ ಆ ತೂತುಗಳ ಮೇಲೆಯೇ ಕೂರುತ್ತದೆ. ಕಣ್ಣಿಗೆ ಕಾಣದ ತೂತನ್ನು ಬಿಟ್ಟು ಹಿಡಿಯುವುದು ಹೇಗೆ?

ನೆಲಕ್ಕೆ ಬಿದ್ದ ತುಂಡುಗಳೇ ಇದಕ್ಕೆ ಸಾಕ್ಷಿ. ಲಿನ್ ಕೊಜ್ಲೋವ್ಸ್ಕಿ ಎಂಬ ಮನೋವಿಜ್ಞಾನಿ 1980ರ ದಶಕದಲ್ಲೇ ಸಹೋದ್ಯೋಗಿಗಳ ಜೊತೆ ಸೇದಿ ಬಿಸಾಡಿದ ತುಂಡುಗಳನ್ನು ಪರೀಕ್ಷಿಸಿ ಒಂದು ಸರಳ ಗುರುತು ತೋರಿಸಿಕೊಟ್ಟರು. ತೂತು ಹೆಚ್ಚಿರುವ ಸಿಗರೇಟಿನ ತೂತುಗಳು ತೆರೆದೇ ಇದ್ದರೆ, ಬದಿಯಿಂದ ನುಗ್ಗುವ ಗಾಳಿ ಹೊಗೆಯನ್ನು ನಡುವಿಗೆ ಒತ್ತುತ್ತದೆ. ಆಗ ಫಿಲ್ಟರ್ ತುದಿಯ ನಡುವೆ ಮಾತ್ರ ಕಂದು ಬೊಟ್ಟು ಬೀಳುತ್ತದೆ, ಅಂಚು ಬೆಳ್ಳಗೆ ಉಳಿಯುತ್ತದೆ. ತೂತು ಮುಚ್ಚಿದ್ದರೆ ಕಲೆ ಅಂಚಿನವರೆಗೂ ಹರಡಿರುತ್ತದೆ. ಮುಂದಿನ ಸಲ ಬಸ್ಸಿಗೆ ಕಾಯುವಾಗ 'ಲೈಟ್ಸ್' ತುಂಡುಗಳನ್ನು ಒಮ್ಮೆ ಗಮನಿಸಿ. ಅಂಚಿನವರೆಗೂ ಕಂದು ಇದ್ದರೆ, ಸೇದಿದವರಿಗೆ ಹೋದದ್ದು ಹಗುರದ ಹೊಗೆಯಲ್ಲ.

ಇದು ಆಕಸ್ಮಿಕವಲ್ಲ

ಕಂಪನಿಗಳಿಗೆ ಇದು ಗೊತ್ತಿರಲಿಲ್ಲವೇ? 1980ರ ದಶಕದ ಶುರುವಿನಲ್ಲಿ ಅಮೆರಿಕದ ಬ್ರೌನ್ ಆ್ಯಂಡ್ ವಿಲಿಯಮ್ಸನ್ ಕಂಪನಿ 'ಬಾರ್ಕ್ಲೇ' ಎಂಬ ಸಿಗರೇಟು ತಂದಿತು. ಟಾರ್ ಬರೀ 1 ಮಿಲಿಗ್ರಾಂ ಎಂಬ ಪ್ರಚಾರ. ಅದರ ಫಿಲ್ಟರ್‌ನ ಬದಿಯಲ್ಲಿ ಗಾಳಿ ಹರಿಯುವ ಕಾಲುವೆಗಳಿದ್ದವು. ಮಷಿನ್ ಹಿಡಿದಾಗ ಕಾಲುವೆ ತೆರೆದಿರುತ್ತಿತ್ತು, ಮನುಷ್ಯರ ತುಟಿ ಒತ್ತಿದಾಗ ಮುಚ್ಚಿಹೋಗುತ್ತಿತ್ತು. ದೂರು ಕೊಟ್ಟವರು ಪ್ರತಿಸ್ಪರ್ಧಿ ಕಂಪನಿಗಳೇ! ವಿಚಾರ ಕೋರ್ಟಿನವರೆಗೂ ಹೋಯಿತು. ಅಂದರೆ ಮಷಿನ್ ಅಂಕಿಗೂ ಮನುಷ್ಯರ ಎದೆಗೂ ಸಂಬಂಧವಿಲ್ಲ ಎಂಬುದು ಆ ಉದ್ಯಮದೊಳಗೆ ಗುಟ್ಟಾಗಿರಲಿಲ್ಲ.

2006ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಇನ್ನೂ ದೊಡ್ಡ ತೀರ್ಪು ಕೊಟ್ಟರು. 'ಲೈಟ್', 'ಲೋ ಟಾರ್' ಸಿಗರೇಟುಗಳ ಬಗ್ಗೆ ತಂಬಾಕು ಕಂಪನಿಗಳು ದಶಕಗಳ ಕಾಲ ಗೊತ್ತಿದ್ದೂ ಜನರನ್ನು ವಂಚಿಸಿವೆ ಎಂಬುದು ಅದರ ತಿರುಳು. ಬಿಡಬೇಕು ಅಂದುಕೊಂಡವರಿಗೆ 'ಬಿಡಬೇಡ, ಹಗುರದ್ದಕ್ಕೆ ಬಾ' ಅನ್ನುವ ದಾರಿ ತೋರಿಸಿದ್ದೇ ಈ ವ್ಯಾಪಾರದ ಗುಟ್ಟು. 2008ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕೂಡ ತನ್ನ 40 ವರ್ಷ ಹಳೆಯ ಅಳತೆಗೆ ಕೊಟ್ಟಿದ್ದ ಬೆಂಬಲವನ್ನು ವಾಪಸ್ ಪಡೆಯಿತು.

2018ರಲ್ಲಿ ನೆದರ್ಲೆಂಡ್ಸ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆ 100 ಬಗೆಯ ಸಿಗರೇಟುಗಳನ್ನು ತೂತು ಮುಚ್ಚಿ, 55 ಮಿಲಿಲೀಟರ್ ದಮ್ಮಿನಲ್ಲಿ, ಅರ್ಧ ನಿಮಿಷಕ್ಕೊಮ್ಮೆ ಎಳೆದು ಪರೀಕ್ಷಿಸಿತು. ಇದು ಕೆನಡಾದಲ್ಲಿ ರೂಪುಗೊಂಡ ಅಳತೆ. ಟಾರ್, ನಿಕೋಟಿನ್ ಅಂಕಿಗಳು ಹಳೆಯ ಅಳತೆಗಿಂತ ಕನಿಷ್ಠ ಎರಡು ಪಟ್ಟು ಹೆಚ್ಚು ಬಂದವು. ತೂತು ಜಾಸ್ತಿ ಇದ್ದವುಗಳಲ್ಲಿ ವ್ಯತ್ಯಾಸ ಇನ್ನೂ ಎಷ್ಟೋ ಪಟ್ಟು.

ಹೊಗೆ ತೆಳುವಾದಷ್ಟೂ ಆಳಕ್ಕೆ

ಇಲ್ಲಿ ಇನ್ನೊಂದು ಅಪಾಯವಿದೆ. ಖಾರವಾದ ಹೊಗೆಯನ್ನು ಆಳಕ್ಕೆ ಎಳೆಯಲು ಆಗುವುದಿಲ್ಲ, ಕೆಮ್ಮು ತಡೆಯುತ್ತದೆ. ತೆಳು ಹೊಗೆಗೆ ಆ ತಡೆ ಇಲ್ಲ. ಅದು ಶ್ವಾಸಕೋಶದ ಅಂಚಿನ ಸಣ್ಣ ನಾಳಗಳವರೆಗೂ ಹೋಗುತ್ತದೆ. ಕಳೆದ ಕೆಲವು ದಶಕಗಳಲ್ಲಿ ಅಮೆರಿಕದ ಧೂಮಪಾನಿಗಳಲ್ಲಿ ಶ್ವಾಸಕೋಶದ ಅಂಚಿನ ಭಾಗಗಳಲ್ಲಿ ಹೆಚ್ಚಾಗಿ ಕಾಣುವ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಏರಿದೆ. 1950ರ ದಶಕದಿಂದ ಈಚೆಗೆ ಸಿಗರೇಟಿನ ವಿನ್ಯಾಸದಲ್ಲಿ ಆದ ಬದಲಾವಣೆಗಳೇ ಇದಕ್ಕೆ ಕಾರಣ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ಹೇಳಿತು. ಯಾವ ಬದಲಾವಣೆಯ ಪಾಲು ಎಷ್ಟು ಎಂಬುದು ಖಚಿತವಿಲ್ಲ, ಆದರೆ ತೂತಿನ ಫಿಲ್ಟರ್‌ನ ಪಾತ್ರ ಇರುವ ಸೂಚನೆಗಳಿವೆ ಎಂದೂ ಹೇಳಿತು.

ಹಾಗಂತ ಬೀಡಿಗೆ ವಾಪಸ್ ಹೋಗಿ ಅಂತ ಯಾರೂ ಓದಿಕೊಳ್ಳಬೇಡಿ. ಬೀಡಿಯೂ ಅದೇ ಕ್ಯಾನ್ಸರ್, ಅದೇ ಹೃದಯಾಘಾತದ ದಾರಿ. ವಿಷಯ ಇಷ್ಟೇ: ಬೀಡಿಯಿಂದ ಫಿಲ್ಟರಿಗೆ, ಫಿಲ್ಟರಿನಿಂದ ಲೈಟ್ಸಿಗೆ ಹೋದವರು ಅಪಾಯದಿಂದ ದೂರ ಸರಿದಿಲ್ಲ, ಸರಿದೆವು ಅಂದುಕೊಂಡಿದ್ದಾರೆ. ಆ ಸಮಾಧಾನಕ್ಕೆ ಬೆಲೆ ತೆರುವುದು ಆಮೇಲೆ, ಬೀದರ್‌ನ ಬ್ರಿಮ್ಸ್‌ನಲ್ಲೋ ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲೋ ಹೈದರಾಬಾದ್‌ನ ಆಸ್ಪತ್ರೆಗಳಲ್ಲೋ ಸಾಲು ನಿಂತಾಗ.

ಕಾನೂನು ಪ್ಯಾಕ್ ನೋಡುತ್ತದೆ, ನಾವು ಕೊಳ್ಳುವುದು ಬಿಡಿ ಸಿಗರೇಟು

ಭಾರತದಲ್ಲಿ ಕಾನೂನು ಇಲ್ಲವೇ? ಇದೆ. 2003ರ ಕೋಟ್ಪಾ ಕಾಯ್ದೆ ಇದೆ. 2008ರ ಪ್ಯಾಕೇಜಿಂಗ್ ನಿಯಮಗಳು 'ಲೈಟ್', 'ಮೈಲ್ಡ್', 'ಲೋ ಟಾರ್' ಥರದ ದಾರಿ ತಪ್ಪಿಸುವ ಪದಗಳನ್ನು ಪ್ಯಾಕ್ ಮೇಲೆ ಬಳಸಬಾರದು ಅನ್ನುತ್ತವೆ. ಆದರೆ ನಿಷೇಧ ಇರುವುದು ಪದಕ್ಕೆ, ತೂತಿಗಲ್ಲ. ಪದ ಹೋದರೂ ರುಚಿ ಉಳಿಯಿತು. ರುಚಿ ಉಳಿದಿದ್ದಕ್ಕೆ ಪಾನ್ ಶಾಪ್ ಮುಂದಿನ ಬಾಯಲ್ಲಿ ಪದವೂ ಉಳಿಯಿತು.

ಇನ್ನೊಂದು ವಿಚಿತ್ರ ನೋಡಿ. ಅದೇ ಕೋಟ್ಪಾದ ಸೆಕ್ಷನ್ 7ರಲ್ಲಿ ಪ್ರತಿ ಪ್ಯಾಕ್ ಮೇಲೆ ಟಾರ್, ನಿಕೋಟಿನ್ ಪ್ರಮಾಣ ಇರಬೇಕು ಎಂಬ ಸಾಲಿದೆ. ಕೇಳಲು ಇದು ಗ್ರಾಹಕರ ಹಕ್ಕಿನ ಮಾತು ಅನ್ನಿಸುತ್ತದೆ. ಆದರೆ ಆ ಅಂಕಿ ಮೋಸದ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಅಂಗೀಕಾರ ಕೊಟ್ಟಿದೆ. ಅದರಡಿ 2008ರಲ್ಲಿ ಬಂದ ಮಾರ್ಗಸೂಚಿ, ಇಂಥ ಅಂಕಿಗಳನ್ನು ಪ್ಯಾಕ್ ಮೇಲೆ ಹಾಕಿ ಎಂದು ಸರ್ಕಾರಗಳು ಕೇಳಲೇಬಾರದು ಅನ್ನುತ್ತದೆ. ಯಾಕೆಂದರೆ ಒಂದು ಬ್ರ್ಯಾಂಡ್ ಇನ್ನೊಂದಕ್ಕಿಂತ ಸುರಕ್ಷಿತ ಎಂಬ ಭ್ರಮೆ ಅದರಿಂದ ಹುಟ್ಟುತ್ತದೆ.

ನಮ್ಮಲ್ಲಿ ದೊಡ್ಡ ಜಗಳ ನಡೆದದ್ದು ಪ್ಯಾಕ್‌ನ ಶೇ. 85 ಭಾಗದ ಎಚ್ಚರಿಕೆ ಚಿತ್ರದ ಮೇಲೆ. 2016ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು, 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜಗಳ ಬೇಕಾದದ್ದೇ. ಆದರೆ ಒಂದೊಂದೇ ಕೊಳ್ಳುವ ಹುಡುಗನ ಕೈಗೆ ಪ್ಯಾಕ್ ಬರುವುದೇ ಇಲ್ಲ. ಚಿತ್ರ ಕಾಕಾನ ಗಲ್ಲಾದ ಹತ್ತಿರವೇ ಉಳಿಯುತ್ತದೆ. ಗ್ರಾಹಕನ ಕೈಗೆ ಬರುವುದು ಬೆಳ್ಳನೆಯ, ಚೊಕ್ಕವಾದ, 'ಹಗುರ' ಅನ್ನಿಸುವ ಫಿಲ್ಟರ್ ಮಾತ್ರ.

ಬಿಡಿ ಮಾರಾಟ ನಿಷೇಧಿಸಿ ರಾಜ್ಯ ಆರೋಗ್ಯ ಇಲಾಖೆ 2017ರಲ್ಲೇ ಆದೇಶ ಹೊರಡಿಸಿದೆ. 2025ರ ಮೇನಲ್ಲಿ ಅಧಿಸೂಚನೆಯಾದ ರಾಜ್ಯದ ತಿದ್ದುಪಡಿ ಕಾಯ್ದೆ ವಯಸ್ಸಿನ ಮಿತಿಯನ್ನು 18ರಿಂದ 21ಕ್ಕೆ ಏರಿಸಿತು, ಬಿಡಿ ಮಾರಾಟಕ್ಕೂ ತಡೆ ಹಾಕಿತು. ಗಡಿಯಾಚೆ ಮಹಾರಾಷ್ಟ್ರ 2020ರಲ್ಲೇ ಬಿಡಿ ಸಿಗರೇಟು, ಬೀಡಿ ಮಾರಾಟ ನಿಷೇಧಿಸಿದೆ. ಆದರೂ ಬಿಡಿ ಮಾರಾಟ ನಿಂತಿಲ್ಲ. ಅದಕ್ಕೆ ಪಾನ್ ಶಾಪ್ ಕಾಕಾನಿಗೆ ದಂಡ ಹಾಕಿ ಸುಮ್ಮನಾಗುವುದು ಸುಲಭ. ತೂತು ಕೊರೆದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಫಿಲ್ಟರ್ ಬಗ್ಗೆ ನಮ್ಮ ನಿಯಮಗಳು ಎಷ್ಟು ಕುರುಡು ಅಂದರೆ, 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸಿಗರೇಟು ಪ್ಯಾಕ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಇದೆ. ಒಳಗಿನ ಪ್ಲಾಸ್ಟಿಕ್ ಫಿಲ್ಟರ್ ಇಲ್ಲ!

ಕೇಳಬೇಕಾದದ್ದು ಏನು?

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 8.8 ಮಂದಿ ಧೂಮಪಾನಿಗಳು. ಇವರಿಗೆ 'ಬಿಡ್ರಿ' ಅಂತ ಬುದ್ಧಿ ಹೇಳುವುದರಾಚೆ, ಸರ್ಕಾರದ ಮುಂದೆ ಇಡಬಹುದಾದ ಮೂರು ಸ್ಪಷ್ಟ ಬೇಡಿಕೆಗಳಿವೆ.

ಒಂದು, ಫಿಲ್ಟರ್‌ನ ತೂತುಗಳನ್ನೇ ನಿಯಂತ್ರಿಸಿ. ನಿಷೇಧದವರೆಗೂ ಯೋಚಿಸಬೇಕು ಎಂದು 2017ರಲ್ಲಿ ಅಮೆರಿಕದ ಸಂಶೋಧಕರು ತಮ್ಮ ಔಷಧ ನಿಯಂತ್ರಣ ಸಂಸ್ಥೆಗೆ ಸಲಹೆ ಕೊಟ್ಟಿದ್ದಾರೆ. ತೂತಿಲ್ಲದ ಸಿಗರೇಟಿಗೆ ಬಂದವರು ಹೇಗೆ ಸೇದುತ್ತಾರೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇದ್ದೇ ಇದೆ. ಆದರೆ ಹೊಸದಾಗಿ ಶುರು ಮಾಡುವ 17ರ ಹುಡುಗನಿಗೆ ಮೊದಲ ದಮ್ಮು ಕೆಮ್ಮು ಬರಿಸುವುದೇ ಒಳ್ಳೆಯದು.

ಎರಡು, ಟಾರ್-ನಿಕೋಟಿನ್ ಅಂಕಿಯ ಸಾಲನ್ನು ಕೋಟ್ಪಾದಿಂದ ತೆಗೆಯಿರಿ. ಪರೀಕ್ಷೆ ಬೇಕು, ಆದರೆ ತೂತು ಮುಚ್ಚಿ ಮಾಡಿದ ಪರೀಕ್ಷೆ, ಸರ್ಕಾರದ ಕಡತಕ್ಕೆ. ಗ್ರಾಹಕನನ್ನು ಸಮಾಧಾನ ಮಾಡುವುದಕ್ಕಲ್ಲ.

ಮೂರು, ಎಚ್ಚರಿಕೆಯನ್ನು ಸಿಗರೇಟಿನ ಮೇಲೆಯೇ ಮುದ್ರಿಸಿ. ಕೆನಡಾದಲ್ಲಿ 2023ರ ಆಗಸ್ಟ್‌ನಿಂದ ಜಾರಿಗೆ ಬಂದ ನಿಯಮ ಇದನ್ನೇ ಹೇಳುತ್ತದೆ: ಒಂದೊಂದು ಸಿಗರೇಟಿನ ಫಿಲ್ಟರ್ ಕಾಗದದ ಮೇಲೂ ಎಚ್ಚರಿಕೆ. ತೂತು ಕೊರೆಯಲು ಜಾಗ ಇರುವ ಕಾಗದದ ಮೇಲೆ ಒಂದು ಸಾಲು ಬರೆಯಲೂ ಜಾಗ ಇದ್ದೇ ಇರುತ್ತದೆ. ಬಿಡಿ ಸಿಗರೇಟು ಕೊಳ್ಳುವ ನಮ್ಮಂಥ ಊರುಗಳಿಗೆ ಇದು ಕೆನಡಾಕ್ಕಿಂತ ಹೆಚ್ಚು ಬೇಕು.

ಕೊನೆಗೆ ಒಂದು ನಂಬರ್: 1800-11-2356. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರ್ ಪ್ರತಿ ಸಿಗರೇಟು ಪ್ಯಾಕ್ ಮೇಲೂ ಇರುತ್ತದೆ. ಒಂದೊಂದೇ ಕೊಳ್ಳುವವರು ಅದನ್ನು ನೋಡಿರಲಾರರು. ಅದಕ್ಕೇ ಇಲ್ಲಿ ಬರೆದಿದ್ದೇವೆ. ಸಸ್ತಾಪುರ ಬಂಗ್ಲಾದಲ್ಲಿ ನಿಮ್ಮ ಜೊತೆ ಚಹಾ ಕುಡಿಯುವ ಗೆಳೆಯನಿಗೆ ಕಳಿಸಿ.