ಹೊಸ ಮೀನಿಗೆ ಹದಿನಾಲ್ಕು ದಿನ

ಅಂಗಡಿಯಿಂದ ತಂದ ಮೀನನ್ನು ಕೂಡಲೇ ಗಾಜಿನ ತೊಟ್ಟಿಗೆ ಬಿಡಬೇಕೆಂದು ಮಕ್ಕಳಿಗೆ ಆತುರ. ಅಜ್ಜ-ಅಜ್ಜಿಯರಿಗೂ ಅಷ್ಟೇ! ಆದರೆ ಕಣ್ಣಿಗೆ ಕಾಣದ ರೋಗಾಣುಗಳೂ ಅದರ ಜೊತೆ ಬರಬಹುದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಹೊಸ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಮೀನಿಗೆ ಸಹಿ ಹಾಕುವವರು ಯಾರು? ಅದಕ್ಕೇ ಹದಿನಾಲ್ಕು ದಿನ ಬೇರೆ ಇಟ್ಟು ನೋಡಬೇಕು.

ಕಮಲಾಪುರದಲ್ಲಿ ನನ್ನ ಮಗಳ ಮನೆ. ಅಲ್ಲಿ ಆರನೇ ತರಗತಿಯ ಮೊಮ್ಮಗಳ 40 ಲೀಟರಿನ ತೊಟ್ಟಿಯಲ್ಲಿ ಐದು ಗಪ್ಪಿಗಳಿದ್ದವು. ಇನ್ನೆರಡು ಕೆಂಪು ಪ್ಲಾಟಿ ಬೇಕೆಂದಳು. ಕಲಬುರಗಿಯಲ್ಲಿ ಕೊಂಡೆ. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ; ಈ ಮೀನುಗಳಿಗೆ ಹಿತವಾದದ್ದು 24ರಿಂದ 28 ಡಿಗ್ರಿ. ಹಾಗಾಗಿ ಚೀಲವನ್ನು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಬೆಳಗಿನ ಬಸ್ಸಿಗೇ ಹೊರಟೆ.

"ಮುತ್ಯಾ, ಈಗೇ ಬಿಡ್ಲೇನು?" ಎಂದಳು.

"ತಡಿಯವ್ವಾ, ಮೊದ್ಲ ಆ ಟಬ್ ತೊಗೊಂಡ್ ಬಾ" ಎಂದೆ.

ಸೋಪು ತಾಗದ ಟಬ್ಬಿನಲ್ಲಿ ಹಿಂದಿನ ದಿನವೇ ನೀರು ತುಂಬಿಸಿಟ್ಟಿದ್ದೆವು. ನಳದ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಗಾಳಿ ಪಂಪು, ಸಣ್ಣ ಸ್ಪಂಜ್ ಫಿಲ್ಟರ್ ಹಾಕಿದೆವು. ಕಟ್ಟಿದ ಚೀಲವನ್ನೇ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟೆವು. ಒಳಗಿನ, ಹೊರಗಿನ ಬಿಸಿ ಒಂದಾಯಿತು. ಆಮೇಲೆ ಚೀಲ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಟಬ್ಬಿನ ನೀರು ಸೇರಿಸುತ್ತ ಅರ್ಧ ಗಂಟೆ ಕಳೆದೆವು. ನೀರಿನ ಗಡಸುತನ ಊರಿಂದೂರಿಗೆ ಬೇರೆ. ದಿಢೀರ್ ಬದಲಾವಣೆ ಮೀನಿಗೆ ಆಗದು. ಕೊನೆಗೆ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಟ್ಟೆವು. ಅಂಗಡಿಯ ನೀರು ಗಿಡಕ್ಕೆ ಹೋಯಿತು.

ಆರನೇ ದಿನ ಮೊಮ್ಮಗಳ ಫೋನು: "ಮುತ್ಯಾ, ಬಾಲದ ಮ್ಯಾಲೆ ಉಪ್ಪು ಉದುರಿಸಿದಂಗ ಕಾಣ್ತದ."

ಅದು ಬಿಳಿ ಚುಕ್ಕೆ ರೋಗ. ಆ ಚುಕ್ಕೆಯೊಳಗೆ ಒಂದು ಪರೋಪಜೀವಿ ಇರುತ್ತದೆ. ಅದು ಬಲಿತು ಉದುರಿ, ತಳದಲ್ಲಿ ನೂರಾರು ಮರಿಗಳಾಗಿ ಒಡೆದು, ಮತ್ತೆ ಮೀನನ್ನು ಹುಡುಕಿಕೊಂಡು ಈಜುತ್ತದೆ. ಔಷಧ ನಾಟುವುದು ಹೀಗೆ ಈಜುವಾಗ ಮಾತ್ರ. ಆದ್ದರಿಂದ ಚುಕ್ಕೆ ಮಾಯವಾದರೂ ಡಬ್ಬಿಯ ಮೇಲೆ ಬರೆದಷ್ಟು ದಿನ ಔಷಧ ನಿಲ್ಲಿಸಬಾರದು.

ಒಂದು ಪ್ಲಾಟಿ ಉಳಿಯಲಿಲ್ಲ. ಹುಡುಗಿ ಅತ್ತಳು. ಇನ್ನೊಂದು ಚೇತರಿಸಿಕೊಂಡಿತು. ಚುಕ್ಕೆ ಪೂರ್ತಿ ಹೋದ ದಿನದಿಂದ ಹದಿನಾಲ್ಕನ್ನು ಮತ್ತೆ ಒಂದರಿಂದ ಎಣಿಸಿದೆವು. ಟಬ್ಬಿನ ಬಲೆಯನ್ನು ತೊಟ್ಟಿಗೆ ತಾಗಿಸಲೇ ಇಲ್ಲ. ಐದು ಗಪ್ಪಿಗಳಿಗೆ ಒಂದು ಚುಕ್ಕೆಯೂ ಬರಲಿಲ್ಲ. ನೇರವಾಗಿ ಬಿಟ್ಟಿದ್ದರೆ ಏಳೂ ಮೀನು ಅಪಾಯದಲ್ಲಿರುತ್ತಿದ್ದವು.

ಇನ್ನೊಂದು ಮಾತು. ಒಮ್ಮೆಗೆ ಒಂದೆರಡು ಮೀನಿಗಿಂತ ಹೆಚ್ಚು ಸೇರಿಸಬೇಡಿ. ಮೀನಿನ ಹೊಲಸು ಅಮೋನಿಯಾ ಎಂಬ ವಿಷವಾಗುತ್ತದೆ. ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬಾಯಿಗಳು ಹೆಚ್ಚಾದರೆ ಈ ಕೆಲಸಗಾರರೂ ಹೆಚ್ಚಬೇಕು. ಅದಕ್ಕೆ ಕೆಲವು ವಾರ ಬೇಕು. ಅಲ್ಲಿಯವರೆಗೆ ಆಹಾರ ಕಡಿಮೆ ಹಾಕಿ, ವಾರಕ್ಕೊಮ್ಮೆ ಐದನೇ ಒಂದು ಭಾಗ ನೀರು ಬದಲಿಸಿ.

ಮಕ್ಕಳೇ, ಹೊಸ ಮೀನು ಬಂದ ದಿನ ಒಂದು ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಸಾಲು ಎಳೆಯಿರಿ. ತಿಂದಿತೇ? ರೆಕ್ಕೆ ಅಗಲಿಸಿ ಈಜಿತೇ? ಚುಕ್ಕೆ ಇದೆಯೇ? ಏದುಸಿರು ಬಿಡುತ್ತಿದೆಯೇ? ದಿನಕ್ಕೊಂದು ಸಾಲು ತುಂಬಿ, ಅಜ್ಜ-ಅಜ್ಜಿಯರ ಸಹಿ ಹಾಕಿಸಿ. ಹದಿನಾಲ್ಕೂ ಸರಿಯಿದ್ದರೆ, ಸಂಜೆ ತೊಟ್ಟಿಯ ದೀಪ ಆರಿಸಿ ಮೀನನ್ನು ಮೆಲ್ಲಗೆ ಒಳಗೆ ಬಿಡಿ.